ದಿನ ತುಂಬುವ ಮುನ್ನ ನೋವು ಬಂದರೆ

ಏಳನೇ ತಿಂಗಳ ತಪಾಸಣೆಗೆ ಹೋದ ಬಸುರಿಗೆ ಡಾಕ್ಟರು 'ಹೆರಿಗೆ ಸ್ವಲ್ಪ ಮುಂಚೆ ಆದರೂ ಆಗಬಹುದು, ಹುಷಾರಾಗಿರಿ' ಎಂದರೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಆಗುತ್ತವೆ. ಅವಳನ್ನು ಹಾಸಿಗೆ ಹಿಡಿಸಿ, ಏಳಬೇಡ, ಬಗ್ಗಬೇಡ ಎನ್ನುತ್ತೇವೆ. ಆಮೇಲೆ ಆ ವಿಷಯವನ್ನೇ ಯಾರೂ ಎತ್ತದ ಹಾಗೆ ನೋಡಿಕೊಳ್ಳುತ್ತೇವೆ. ಎರಡೂ ಪ್ರೀತಿಯಿಂದಲೇ ಹುಟ್ಟಿದವು. ಆದರೆ ಮಲಗಿಸಿದ್ದರಿಂದ ಹೆರಿಗೆ ಮುಂದೆ ಹೋಗುತ್ತದೆ ಎನ್ನಲು ಆಧಾರವಿಲ್ಲ; ಮಾತು ಮುಚ್ಚಿಟ್ಟಿದ್ದರಿಂದ ಮಗುವಿನ ಜೀವ ಉಳಿಸಬಹುದಾದ ಕೆಲವು ಗಂಟೆಗಳು ಕೈತಪ್ಪಿ ಹೋಗುವುದುಂಟು. ದಿನ ತುಂಬುವುದೆಂದರೆ 37 ವಾರ ಪೂರ್ಣವಾಗುವುದು. ಅದಕ್ಕೂ ಮುಂಚೆ 2020ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದ್ದು ಭಾರತದಲ್ಲಿ. ಇಷ್ಟು ಮನೆಗಳಿಗೆ ಬರುವ ಸಂಗತಿಯನ್ನು ಯಾರಿಗೋ ಅಪರೂಪಕ್ಕೆ ಬಂದೊದಗುವ ಆಪತ್ತೆಂದು ಬದಿಗಿಡುವಂತಿಲ್ಲ. ಮೊದಲ ಸೂಚನೆ ಕಾಣಿಸಿಕೊಂಡ ಗಳಿಗೆಯಿಂದ ಮಗು ಹೊರಬರುವ ತನಕದ ಹೊತ್ತಿನಲ್ಲಿ ತಾಯಿ ಎಲ್ಲಿದ್ದಾಳೆ, ಯಾರ ಕೈಯಲ್ಲಿದ್ದಾಳೆ ಎನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬೇಕಾದದ್ದು ನೋವು ಬರುವುದಕ್ಕಿಂತ ವಾರಗಳ ಮುಂಚೆ, ಮನೆಯಲ್ಲಿ ಕೂತು.

ಮೊದಲು ಹಾಸಿಗೆಯ ವಿಷಯ ಮುಗಿಸಿಬಿಡೋಣ. ಪೂರ್ಣ ವಿಶ್ರಾಂತಿ ಕೊಟ್ಟರೆ ಅವಧಿಪೂರ್ವ ಹೆರಿಗೆ ತಪ್ಪುತ್ತದೆಯೇ ಎಂದು ಲಭ್ಯವಿರುವ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ ಕಾಕ್ರೇನ್ ಎಂಬ ಸಂಸ್ಥೆಯ ಸಮೀಕ್ಷೆಗೆ, ತಪ್ಪುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಇದಕ್ಕಾಗಿ ವಾಡಿಕೆಯಂತೆ ಮಲಗಿಸುವುದು ಬೇಡವೆಂದೇ ಹೇಳುತ್ತದೆ. ಗರ್ಭಕೋಶದ ಬಾಯಿ ಗಿಡ್ಡವಾಗಿದ್ದ ಚೊಚ್ಚಲ ಬಸುರಿಯರ ಬಗ್ಗೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಓಡಾಟ ಕಡಿಮೆ ಮಾಡಿ ಎನಿಸಿಕೊಂಡವರಲ್ಲಿ ಶೇ 37 ಮಂದಿಗೆ ದಿನ ತುಂಬುವ ಮುನ್ನ ಹೆರಿಗೆಯಾಗಿತ್ತು. ಹಾಗೆ ಹೇಳಿಸಿಕೊಳ್ಳದವರಲ್ಲಿ ಶೇ 17 ಮಂದಿಗೆ. ಹೆಚ್ಚು ಅಪಾಯವಿದ್ದವರಿಗೇ ವಿಶ್ರಾಂತಿ ಹೇಳಿರಬಹುದು ಎಂಬ ಆಕ್ಷೇಪಕ್ಕೆ ಇಲ್ಲಿ ಜಾಗವಿದೆ, ಹಾಗಾಗಿ ಮಲಗಿದ್ದರಿಂದಲೇ ಹೆರಿಗೆ ಬೇಗ ಆಯಿತು ಎಂದು ನಾನು ಹೇಳಲಾರೆ. ಆದರೆ ಲಾಭವಾಯಿತು ಎಂದಂತೂ ಈ ಅಂಕಿಗಳಿಂದ ಯಾರೂ ಹೇಳಲಾಗದು. 'ಲಾಭವಿಲ್ಲದಿದ್ದರೆ ಬೇಡ, ನಷ್ಟವೇನು?' ಎನ್ನುವವರಿದ್ದಾರೆ. ನಷ್ಟವಿದೆ. ವಾರಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ, ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ. ದಿನಗೂಲಿಯ ಮನೆಯಲ್ಲಿ ಸಂಬಳವೂ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ದಿನವಿಡೀ ಸೂರು ನೋಡುತ್ತ ಮಲಗಿದವಳಿಗೆ ಯೋಚನೆಯೊಂದನ್ನು ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ. ಭಾರ ಎತ್ತದಿರುವುದು, ಗಂಟೆಗಟ್ಟಲೆ ನಿಂತು ಮಾಡುವ ಕೆಲಸ ಬಿಡುವುದು, ದಣಿವಾದಾಗ ಮಲಗುವುದು ಬೇರೆ ಮಾತು. ಮಾಸು ಕೆಳಗಿದ್ದು ರಕ್ತ ಹೋಗುತ್ತಿರುವಾಗ, ಬಿ.ಪಿ. ಏರಿದಾಗ ಡಾಕ್ಟರು ಹೇಳುವ ಎಚ್ಚರಿಕೆಗಳೂ ಬೇರೆಯೇ; ಅವನ್ನು ಪಾಲಿಸಲೇಬೇಕು. ಮಲಗಿ ಎಂದರೆ ಯಾಕೆ, ಎಷ್ಟು ದಿನ ಎಂದು ಕೇಳುವುದರಲ್ಲಿ ಮಾತ್ರ ಸಂಕೋಚ ಬೇಡ.

ಹಾಗಾದರೆ ಕೆಲಸಕ್ಕೆ ಬರುವುದು ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಕುರಿಗಳ ಮೇಲೆ ಪ್ರಯೋಗ ಮಾಡುತ್ತಿದ್ದ ಗ್ರಹಾಂ ಲಿಗ್ಗಿನ್ಸ್ ಎಂಬ ಪ್ರಸೂತಿ ವೈದ್ಯರಿಗೆ. ಹೆರಿಗೆ ನೋವು ಶುರುವಾಗುವುದು ಹೇಗೆಂದು ತಿಳಿಯಲು ಅವರು ಗರ್ಭದೊಳಗಿನ ಮರಿಗಳಿಗೆ ಸ್ಟೀರಾಯ್ಡ್ ಕೊಟ್ಟು ನೋಡುತ್ತಿದ್ದರು. ತೀರಾ ಮುಂಚೆ ಹುಟ್ಟಿದ, ಉಸಿರಾಡಲು ಸಾಧ್ಯವೇ ಇಲ್ಲದಿರಬೇಕಾಗಿದ್ದ ಒಂದು ಮರಿ ಉಸಿರಾಡುತ್ತಿರುವುದನ್ನು ಕಂಡರು. ಅದರ ಶ್ವಾಸಕೋಶ ಅರೆಬರೆಯಾಗಿಯಾದರೂ ಹಿಗ್ಗಿತ್ತು. ದಿನ ತುಂಬದ ಮಗುವಿಗೆ ಇರುವ ದೊಡ್ಡ ತೊಡಕೇ ಅದು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಪ್ರತಿ ಉಸಿರು ಬಿಟ್ಟಾಗಲೂ ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದಾರ್ಥ ಅಷ್ಟು ಬೇಗ ಸಾಕಷ್ಟು ತಯಾರಾಗಿರುವುದಿಲ್ಲ. ತಾಯಿಗೆ ಕೊಟ್ಟ ಸ್ಟೀರಾಯ್ಡ್ ಮಾಸಿನ ಮೂಲಕ ಮಗುವನ್ನು ತಲುಪಿ ಆ ತಯಾರಿಯನ್ನು ಚುರುಕುಗೊಳಿಸುತ್ತದೆ. ಲಿಗ್ಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ 282 ತಾಯಂದಿರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದು ಪಡೆದವರ ಮಕ್ಕಳಲ್ಲಿ ಮೊದಲ ವಾರದ ಸಾವು ಶೇ 3.2, ಪಡೆಯದವರಲ್ಲಿ ಶೇ 15. ಇಷ್ಟಾದರೂ ಇದು ಎಲ್ಲೆಡೆ ರೂಢಿಗೆ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು ಎನ್ನುವುದನ್ನು ಓದಿದಾಗ ಸಂಕಟವಾಗುತ್ತದೆ. ಆ ತಡದಲ್ಲಿ ಎಷ್ಟೋ ಮಕ್ಕಳು ಹೋದವು. ಕಾಕ್ರೇನ್ ಸಂಸ್ಥೆ ತನ್ನ ಲಾಂಛನದಲ್ಲಿ ಈ ಚುಚ್ಚುಮದ್ದಿನ ಪ್ರಯೋಗಗಳ ನಕ್ಷೆಯನ್ನೇ ಇಟ್ಟುಕೊಂಡಿರುವುದು ಆ ಪಾಠ ಮರೆಯಬಾರದೆಂದು.

ನಮ್ಮಲ್ಲಿ ಹೆಚ್ಚಾಗಿ ಬಳಸುವ ಡೆಕ್ಸಾಮೆಥಸೋನ್ ಅಗ್ಗದ ಔಷಧ. 12 ಗಂಟೆಗೊಂದರಂತೆ 4 ಚುಚ್ಚುಮದ್ದು. ಪೂರ್ತಿ ಪರಿಣಾಮಕ್ಕೆ ಒಂದೆರಡು ದಿನ ಬೇಕು. ಅರ್ಧಕ್ಕೇ ಹೆರಿಗೆಯಾದರೂ ಸ್ವಲ್ಪ ಪ್ರಯೋಜನವಿದೆ. ನೋವು ನಿಲ್ಲಿಸಲೆಂದು ಕೊಡುವ ನಿಫೆಡಿಪಿನ್‌ನಂಥ ಮಾತ್ರೆಗಳ ನಿಜವಾದ ಕೆಲಸವೂ ಇಲ್ಲೇ ಇದೆ. ಅವು ಹೆರಿಗೆಯನ್ನು ತಿಂಗಳುಗಟ್ಟಲೆ ಮುಂದೂಡಲಾರವು. ಸುಮಾರು 48 ಗಂಟೆ ಕೊಡಿಸಿದರೆ ಅದೇ ದೊಡ್ಡದು: ಅಷ್ಟರಲ್ಲಿ ಸ್ಟೀರಾಯ್ಡ್ ಕೆಲಸ ಮಾಡುತ್ತದೆ, ತಾಯಿಯನ್ನು ಸರಿಯಾದ ಆಸ್ಪತ್ರೆಗೆ ಸಾಗಿಸಬಹುದು. 32 ವಾರಕ್ಕೂ ಮುಂಚಿನ ಹೆರಿಗೆಯಾದರೆ ಮಗುವಿನ ಮೆದುಳಿನ ರಕ್ಷಣೆಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವುದೂ ಈ ಅವಧಿಯಲ್ಲೇ. ಮಗು ಹುಟ್ಟಿದ ಮೇಲೆ ಇವುಗಳಲ್ಲಿ ಯಾವುದನ್ನೂ ಕೊಟ್ಟು ಉಪಯೋಗವಿಲ್ಲ.

ಇಲ್ಲೊಂದು ಗಂಭೀರ ಆಕ್ಷೇಪವಿದೆ, ಅದು ಬಂದದ್ದೂ ನಮ್ಮ ನೆಲದಿಂದಲೇ. ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಔಷಧವಾದರೆ ಹಳ್ಳಿಹಳ್ಳಿಯಲ್ಲಿ ಕೊಟ್ಟುಬಿಡಬಹುದಲ್ಲ ಎಂದು ಬೆಳಗಾವಿ ಮತ್ತು ನಾಗಪುರ ಸೇರಿದಂತೆ ಆರು ದೇಶಗಳ ಗ್ರಾಮೀಣ ಮತ್ತು ಅರೆಪಟ್ಟಣ ಪ್ರದೇಶಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ಒಳಗೊಂಡ ಪ್ರಯೋಗ ನಡೆಯಿತು. 2015ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ತೀರಾ ಸಣ್ಣ ಮಕ್ಕಳಿಗೆ ಲಾಭವಾಗಲಿಲ್ಲ. ಒಟ್ಟಾರೆ ನವಜಾತ ಶಿಶು ಮರಣ ಸ್ವಲ್ಪ ಹೆಚ್ಚಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಔಷಧದ ಮೇಲಿನ ನಂಬಿಕೆ ಅಲ್ಲಾಡಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ 2,852 ತಾಯಂದಿರ ಮೇಲೆ ಅದೇ ಔಷಧವನ್ನು ಮತ್ತೆ ಪರೀಕ್ಷಿಸಿತು. ಈ ಸಲ ಗರ್ಭದ ವಾರಗಳನ್ನು ಸ್ಕ್ಯಾನ್‌ನಿಂದ ಖಚಿತಪಡಿಸಿಕೊಂಡಿದ್ದರು, ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಏರ್ಪಾಡು ಅಲ್ಲೇ ಇತ್ತು. ಔಷಧ ಪಡೆದ ಗುಂಪಿನಲ್ಲಿ ನವಜಾತ ಶಿಶು ಮರಣ ಶೇ 19.6, ಪಡೆಯದ ಗುಂಪಿನಲ್ಲಿ ಶೇ 23.5. ಲಾಭ ಇಷ್ಟು ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಕಾಣುವುದು ಇಷ್ಟು: ಔಷಧ ಒಂದೇ, ಜಾಗ ಬೇರೆ. ವಾರ ಎಷ್ಟೆಂದು ಗೊತ್ತಿಲ್ಲದ, ಮಗುವಿಗೆ ಉಸಿರು ಹಿಡಿಸಲು ಯಾರೂ ಇಲ್ಲದ ಕಡೆ ಅದೇ ಔಷಧ ತನ್ನ ಕೆಲಸ ಮಾಡಲಾರದು. 28 ವಾರದೊಳಗೆ ಹುಟ್ಟಿದ ಮಕ್ಕಳಲ್ಲಿ ಬಡ ದೇಶಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಕೆಲವೇ ದಿನಗಳಲ್ಲಿ ಸಾಯುತ್ತಾರೆ, ಶ್ರೀಮಂತ ದೇಶಗಳಲ್ಲಿ ಅಷ್ಟೇ ಮಂದಿ ಬದುಕುತ್ತಾರೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನ ಹಿಂದಿರುವುದೂ ಇದೇ.

ಆದ್ದರಿಂದ ಮನೆಯವರು ಮೊದಲು ವಿಚಾರಿಸಿಕೊಳ್ಳಬೇಕಾದದ್ದು, ರಾತ್ರಿ ಎರಡು ಗಂಟೆಗೂ ದಿನ ತುಂಬದ ಮಗುವನ್ನು ನೋಡಿಕೊಳ್ಳುವ ಘಟಕ ಹತ್ತಿರದಲ್ಲಿ ಎಲ್ಲಿದೆ ಎನ್ನುವುದನ್ನು. ಸರ್ಕಾರಿ ವ್ಯವಸ್ಥೆಯಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿವೆ. ತಪಾಸಣೆಗೆ ಹೋಗುತ್ತಿರುವ ನರ್ಸಿಂಗ್ ಹೋಂ ಎಷ್ಟೇ ಆಪ್ತವಾಗಿರಲಿ, ಅಲ್ಲಿ ಆ ಸೌಕರ್ಯವಿಲ್ಲದಿದ್ದರೆ 31ನೇ ವಾರದ ನೋವಿಗೆ ಅದು ಸರಿಯಾದ ಜಾಗವಲ್ಲ. ಹುಟ್ಟಿದ ಮೇಲೆ ಮಗುವನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಸಾಗಿಸುವುದು ಹೆಚ್ಚು ಸುರಕ್ಷಿತ. ಇದರಲ್ಲಿ ನಮ್ಮ ಒಂದು ಪದ್ಧತಿಯನ್ನೂ ಗಮನಿಸಬೇಕು. ಸೀಮಂತ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುವುದು ಏಳನೇ ತಿಂಗಳ ಆಸುಪಾಸಿನಲ್ಲಿ, ಅಂದರೆ ಸ್ಟೀರಾಯ್ಡ್ ಲೆಕ್ಕಕ್ಕೆ ಬರುವ ವಾರಗಳಲ್ಲೇ. ತವರಿಗೆ ಹೋಗಬಾರದು ಎಂದಲ್ಲ; ಅಮ್ಮನ ಕೈಯೂಟ, ಅಕ್ಕತಂಗಿಯರ ಜೊತೆ ಆ ದಿನಗಳಲ್ಲಿ ದೊಡ್ಡ ಆಸರೆ. ಆದರೆ ಬೆಂಗಳೂರಿನಲ್ಲಿ ತೋರಿಸಿಕೊಂಡವಳು ಹೊಸನಗರದ ಹಳ್ಳಿಗೆ ಹೋದಾಗ ಡಾಕ್ಟರು ಬದಲಾಗುತ್ತಾರೆ, ಆಸ್ಪತ್ರೆ ಬದಲಾಗುತ್ತದೆ, ಕಾಗದಪತ್ರ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ತಾಯಿ ಕಾರ್ಡು, ರಕ್ತದ ಗುಂಪು, ಮೂರು ತಿಂಗಳೊಳಗೆ ಮಾಡಿಸಿದ ಮೊದಲ ಸ್ಕ್ಯಾನಿನ ವರದಿ ಅವಳ ಚೀಲದಲ್ಲೇ ಇರಬೇಕು. ಆ ಮೊದಲ ಸ್ಕ್ಯಾನ್ ಹೇಳುವಷ್ಟು ಖಚಿತವಾಗಿ ಗರ್ಭದ ವಾರವನ್ನು ಕೊನೆಯ ತಿಂಗಳುಗಳ ಸ್ಕ್ಯಾನ್ ಹೇಳಲಾರದು, ಚುಚ್ಚುಮದ್ದಿನ ತೀರ್ಮಾನ ನಿಂತಿರುವುದೇ ವಾರದ ಮೇಲೆ. ತವರೂರಿಗೆ ಹೋದ ವಾರದಲ್ಲೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ರಾತ್ರಿ ಗಾಡಿ ಯಾರದು, ದೊಡ್ಡ ಮಗುವಿದ್ದರೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಮಾತಾಡಿಟ್ಟರೆ ಅರ್ಧ ಕೆಲಸ ಮುಗಿಯಿತು.

ಇನ್ನರ್ಧ, ಸೂಚನೆ ಗುರುತಿಸುವುದು. ಸಿನಿಮಾದಲ್ಲಿ ತೋರಿಸುವ ಹಾಗೆ ಕಿರುಚಿಕೊಳ್ಳುವ ನೋವೇ ಬರಬೇಕೆಂದಿಲ್ಲ. ಮುಟ್ಟಿನ ಸಮಯದಂಥ ಕಿಬ್ಬೊಟ್ಟೆ ನೋವು, ಬಂದುಹೋಗುವ ಸೊಂಟನೋವು, ಮಗು ಕೆಳಗೆ ಒತ್ತುತ್ತಿದೆ ಎನ್ನಿಸುವುದು, ಬಿಳಿಸೆರಗು ಇದ್ದಕ್ಕಿದ್ದಂತೆ ಹೆಚ್ಚಾಗಿ ನೀರು ನೀರಾಗುವುದು ಅಥವಾ ರಕ್ತದ ಬಣ್ಣ ಬೆರೆಯುವುದು, ಇವೆಲ್ಲ ಸೂಚನೆಗಳೇ. ಹೊಟ್ಟೆ ಆಗಾಗ ಬಿಗಿಯುವುದು ಕೊನೆಯ ತಿಂಗಳುಗಳಲ್ಲಿ ಸಹಜವೂ ಹೌದು, ಅದನ್ನು ಸುಳ್ಳುನೋವು ಎನ್ನುತ್ತೇವೆ. ವ್ಯತ್ಯಾಸ ತಿಳಿಯಲು ಒಂದು ಸರಳ ದಾರಿಯಿದೆ. ಮೂತ್ರ ಮಾಡಿ ಬಂದು, ಒಂದೆರಡು ಲೋಟ ನೀರು ಕುಡಿದು, ಎಡಮಗ್ಗುಲಾಗಿ ಮಲಗಿ, ಹೊಕ್ಕುಳಿಗಿಂತ ಮೇಲೆ ಬೆರಳುಗಳನ್ನು ಹರಡಿ ಅಂಗೈ ಇಡಬೇಕು. ಹೊಟ್ಟೆ ಸಡಿಲವಿದ್ದಾಗ ಬೆರಳಿಗೆ ಕೆನ್ನೆ ಮುಟ್ಟಿದಂತೆ ಮೆತ್ತಗಿರುತ್ತದೆ; ಬಿಗಿದಾಗ ಹಣೆ ಮುಟ್ಟಿದಂತೆ, ಒತ್ತಿದರೆ ತಗ್ಗುವುದಿಲ್ಲ. ಬಿಗಿತ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಯಾರಾದರೂ ಬರೆದುಕೊಳ್ಳಲಿ. ಒಂದು ಗಂಟೆಯೊಳಗೆ ಅಂತರ ಹೆಚ್ಚಿ ತಾನಾಗಿ ನಿಂತರೆ ಮುಂದಿನ ತಪಾಸಣೆಯಲ್ಲಿ ಹೇಳಿದರೆ ಸಾಕು. ಹತ್ತು ನಿಮಿಷಕ್ಕೊಮ್ಮೆ ಅಥವಾ ಅದಕ್ಕೂ ಬೇಗ ಬರುತ್ತಿದ್ದರೆ ಹೊರಡಬೇಕು. ನೀರು ಒಡೆದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಈ ಒಂದು ಗಂಟೆಯನ್ನೂ ಕಾಯಬಾರದು, ನೋವಿಲ್ಲದಿದ್ದರೂ ಹೊರಡಬೇಕು.

'ಪ್ರತಿ ಸಲ ಹೊಟ್ಟೆ ಬಿಗಿದಾಗಲೂ ಆಸ್ಪತ್ರೆಗೆ ಓಡಿದರೆ ನಗುತ್ತಾರೆ, ದುಡ್ಡೂ ದಂಡ' ಎಂಬ ಮಾತು ಹಿರಿಯರ ಬಾಯಲ್ಲಿ ಬರುತ್ತದೆ. ನಿಜ, ಹೀಗೆ ಹೋದವರಲ್ಲಿ ಬಹಳ ಮಂದಿ ಮನೆಗೆ ಮರಳುತ್ತಾರೆ. ಅವಧಿಪೂರ್ವ ನೋವೆಂದು ಗುರುತಿಸಿದವರಲ್ಲೂ ಏಳು ದಿನದೊಳಗೆ ಹೆರಿಗೆಯಾಗುವುದು ಹತ್ತಕ್ಕೆ ಒಬ್ಬರಿಗೂ ಕಡಿಮೆ. ಅದಕ್ಕಾಗಿ ಆಸ್ಪತ್ರೆಗೆ ಸೇರಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ದಿನ ತುಂಬಿಯೇ ಹೆರುತ್ತಾರೆ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳುತ್ತದೆ. ಭಯ ಹಿಡಿದವರಿಗೆ ಇದಕ್ಕಿಂತ ಸಮಾಧಾನದ ಅಂಕಿ ಬೇರಿಲ್ಲ ಎಂದೇ ನನ್ನ ಎಣಿಕೆ. ಆದರೆ ಯಾರು ಆ ಹತ್ತರಲ್ಲಿ ಒಬ್ಬರು ಎಂದು ಮನೆಯಲ್ಲಿ ಕೂತು ತೀರ್ಮಾನಿಸಲು ಸಾಧ್ಯವಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶದ ಬಾಯಿಯ ಉದ್ದ ಅಳೆದರೆ ಬಹಳಷ್ಟು ಗೊತ್ತಾಗುತ್ತದೆ. ಉದ್ದ ಚೆನ್ನಾಗಿದ್ದರೆ ಸುಮ್ಮನೆ ಚುಚ್ಚುಮದ್ದು ಕೊಡುವುದೂ ತಪ್ಪುತ್ತದೆ. ಹೋಗಿ ಮರಳಿದ ಪ್ರಯಾಣ ವ್ಯರ್ಥವಲ್ಲ. ಅದನ್ನು ವ್ಯರ್ಥವೆಂದು ಗೊಣಗಿದ ಮನೆಯಲ್ಲಿ ಮುಂದಿನ ಸಲ ಅವಳು ನೋವನ್ನು ಹೇಳದೆ ನುಂಗುತ್ತಾಳೆ.

ಇನ್ನೊಂದು ಅಡ್ಡಿ ಮನಸ್ಸಿನದು. ಬೇಗ ಹೆರಿಗೆಯಾದರೆ ಎಂಬ ಮಾತು ಬಾಯಿಗೆ ಬಂದ ಕೂಡಲೇ 'ಬಿಡ್ತು ಅನ್ನು' ಎಂದು ತಡೆಯುವವರಿದ್ದಾರೆ. ಬಸುರಿಯ ಮುಂದೆ ಕೆಟ್ಟದ್ದನ್ನು ಆಡಿದರೆ ಅವಳು ಕೊರಗುತ್ತಾಳೆ ಎಂಬ ಕಾಳಜಿ ಅದರ ಹಿಂದಿದೆ, ಅದನ್ನು ಹಗುರ ಮಾಡಲು ನಾನು ಸಿದ್ಧನಿಲ್ಲ. ಆದರೆ ಡಾಕ್ಟರ ಬಾಯಿಂದ ಆ ಮಾತು ಆಗಲೇ ಬಿದ್ದಾಗಿದೆ. ಅವಳ ತಲೆಯಲ್ಲಿ ಅದು ಹಗಲಿರುಳು ಓಡುತ್ತಿದೆ. ಸುತ್ತಲಿನವರು ಸುಮ್ಮನಿದ್ದರೆ ಅವಳು ಒಬ್ಬಳೇ ಅದನ್ನು ಹೊತ್ತಿರುತ್ತಾಳೆ, ಅಷ್ಟೇ. ಯಾವ ಆಸ್ಪತ್ರೆ, ಯಾರ ಗಾಡಿ, ಯಾವ ನಂಬರು ಎಂಬುದು ಮನೆಮಂದಿಗೆಲ್ಲ ಗೊತ್ತಿದ್ದರೆ, ಗಂಡನೋ ಅತ್ತೆಯೋ ಹೊಟ್ಟೆ ಬಿಗಿತದ ಲೆಕ್ಕ ಬರೆಯಲು ಪಕ್ಕದಲ್ಲಿ ಕೂತರೆ, ಅವಳು ಕಾಯುವುದರಲ್ಲಿ ಇತರರಿಗೂ ಪಾಲು ಸಿಗುತ್ತದೆ. ಮಾಡಲು ಕೆಲಸವಿದ್ದಾಗ ಅಂಜಿಕೆಗೆ ಜಾಗ ಕಡಿಮೆ. ಹಾಗೆಯೇ ತಪ್ಪಿನ ಮಾತು. ಬೇಗ ಹೆರಿಗೆಯಾದ ಮನೆಯಲ್ಲಿ ಮಾಗಿದ ಪಪ್ಪಾಯಿ ತಿಂದದ್ದು, ಮೆಟ್ಟಿಲು ಹತ್ತಿದ್ದು, ನಾದಿನಿಯ ಮದುವೆಗೆ ಬಸ್ಸಿನಲ್ಲಿ ಹೋದದ್ದು, ಒಂದೊಂದೇ ವಿಚಾರಣೆಗೆ ಬರುತ್ತದೆ. ಹಿಂದೊಮ್ಮೆ ಬೇಗ ಹೆರಿಗೆಯಾಗಿರುವುದು, ಅವಳಿ ಮಕ್ಕಳು, ಬಿ.ಪಿ., ಮೂತ್ರನಾಳದ ಸೋಂಕು, ರಕ್ತಹೀನತೆ, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಇವು ಅಪಾಯ ಹೆಚ್ಚಿಸುವ ಸಂಗತಿಗಳು. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆಯಿದೆ: ಉರಿಮೂತ್ರವನ್ನು ಶಾಖವೆಂದು ಎಳನೀರು ಕುಡಿದು ತಳ್ಳಿಹಾಕದೆ ಪರೀಕ್ಷೆ ಮಾಡಿಸಬೇಕು, ಕಬ್ಬಿಣದ ಮಾತ್ರೆ ತಪ್ಪಿಸಬಾರದು. ಆದರೆ ಬಹಳಷ್ಟು ಹೆರಿಗೆಗಳಲ್ಲಿ ಕಾರಣ ಸಿಗುವುದೇ ಇಲ್ಲ. ಸಿಗದ ಕಾರಣಕ್ಕೆ ತಾಯಿಯನ್ನು ಹೊಣೆ ಮಾಡುವುದು ಅನ್ಯಾಯ.

'ಏಳು ತಿಂಗಳ ಕೂಸು ಬದುಕುತ್ತದೆ, ಎಂಟು ತಿಂಗಳದು ಬದುಕುವುದಿಲ್ಲ' ಎಂಬ ನಂಬಿಕೆ ಹಲವು ಮನೆಗಳಲ್ಲಿ ಇನ್ನೂ ಇದೆ. ಇದು ಪೂರ್ತಿ ಸುಳ್ಳು. ಹೊಟ್ಟೆಯಲ್ಲಿ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. 34 ವಾರದ ಮಗುವಿನ ಮೆದುಳಿನ ತೂಕ ದಿನ ತುಂಬಿದ ಮಗುವಿನದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. 34ರಿಂದ 36 ವಾರದ ಮಕ್ಕಳು ನೋಡಲು ತುಂಬಿಕೊಂಡಿದ್ದರೂ ಹಾಲು ಎಳೆಯಲು ಸೋಲುತ್ತಾರೆ, ಬೇಗ ತಣ್ಣಗಾಗುತ್ತಾರೆ, ಕಾಮಾಲೆ ಹೆಚ್ಚು. ಹೀಗಿರುವಾಗ ಪಂಚಾಂಗ ನೋಡಿ ಒಳ್ಳೆಯ ನಕ್ಷತ್ರಕ್ಕೆಂದು ಸಿಸೇರಿಯನ್ ದಿನವನ್ನು ಹಿಂದಕ್ಕೆ ಎಳೆಯುವುದನ್ನು ನಾನು ಯಾವ ರೀತಿಯಲ್ಲೂ ಸಮರ್ಥಿಸಲಾರೆ. ತಾಯಿ ಅಥವಾ ಮಗುವಿಗೆ ಅಪಾಯವಿದ್ದಾಗ ಬೇಗ ಹೆರಿಗೆ ಮಾಡಿಸುವುದು ಚಿಕಿತ್ಸೆ. ಮುಹೂರ್ತಕ್ಕೆ ಮಾಡಿಸುವುದು ಮಗುವಿನ ವಾರಗಳನ್ನು ಕಿತ್ತುಕೊಳ್ಳುವುದು.

ಕೊನೆಯ ಆಕ್ಷೇಪ ದೂರದ್ದು. ಜಿಲ್ಲಾ ಆಸ್ಪತ್ರೆ ಎಂಬತ್ತು ಕಿಲೋಮೀಟರ್ ಇರುವ, ಮಳೆಗಾಲದಲ್ಲಿ ಹಳ್ಳ ದಾಟಲಾಗದ ಊರಿನವರಿಗೆ ಈ ಯೋಜನೆಯ ಮಾತೆಲ್ಲ ಏನು ಉಪಯೋಗ? ಅಂಥವರಿಗೇ ಹೆಚ್ಚು ಉಪಯೋಗ ಎಂದು ನನ್ನ ಉತ್ತರ. ದೂರ ಹೆಚ್ಚಿದಷ್ಟೂ ಮುಂಚೆ ಹೊರಡಬೇಕಾಗುತ್ತದೆ. ಅಪಾಯ ಹೆಚ್ಚಿದೆ ಎಂದು ಗೊತ್ತಿದ್ದರೆ ಮಳೆಗಾಲದ ಆ ವಾರಗಳಲ್ಲಿ ಪಟ್ಟಣದ ನೆಂಟರ ಮನೆಯಲ್ಲಿರುವುದು ಜಾಣತನ. 108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಇದೆ. 24ರಿಂದ 34 ವಾರದೊಳಗೆ ನೋವು ಬಂದವರಿಗೆ ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಡೆಕ್ಸಾಮೆಥಸೋನ್ ಕೊಡಲು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ದಾದಿಯರಿಗೂ ಅವಕಾಶ ಕೊಟ್ಟಿದೆ. ಕೊಟ್ಟು ಅಲ್ಲೇ ಉಳಿಸಿಕೊಳ್ಳುವುದಲ್ಲ, ಕೊಟ್ಟು ಕಳಿಸುವುದು ಎನ್ನುವುದು ಮುಖ್ಯ. ಬೆಳಗಾವಿಯ ಪ್ರಯೋಗ ಕಲಿಸಿದ್ದೂ ಅದನ್ನೇ. ಆದರೆ ಎಷ್ಟೋ ತಾಲ್ಲೂಕುಗಳಲ್ಲಿ ರಾತ್ರಿ ಪಾಳಿಗೆ ಮಕ್ಕಳ ವೈದ್ಯರಿಲ್ಲ. ಇದು ಮನೆಯವರ ಯೋಜನೆಯಿಂದ ಸರಿಹೋಗುವ ಕೊರತೆಯಲ್ಲ, ಸರ್ಕಾರ ತುಂಬಬೇಕಾದದ್ದು. ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಿಗೂ ಒಂದು ಮಾತು: ಅವಧಿಪೂರ್ವ ಹೆರಿಗೆಯಿಂದ ತಾಯಿಯ ಆರೋಗ್ಯ ಕೆಟ್ಟರೆ ಹೆರಿಗೆ ರಜೆಯ ಮೇಲೆ ಒಂದು ತಿಂಗಳವರೆಗೆ ಸಂಬಳ ಸಹಿತ ಹೆಚ್ಚುವರಿ ರಜೆಗೆ ಕಾನೂನಿನಲ್ಲಿ ಅವಕಾಶವಿದೆ. ಕೇಳಿದವರಿಗೆ ಮಾತ್ರ ಸಿಗುತ್ತದೆ, ಕೇಳಬೇಕು.

ಮಗು ಬಂದೇಬಿಟ್ಟರೆ ತಾಯಿಯ ಪಾತ್ರ ಮುಗಿಯಿತು, ಇನ್ನು ಯಂತ್ರಗಳದ್ದೇ ಕೆಲಸ ಎಂದು ಎಷ್ಟೋ ಮನೆಗಳು ಎಣಿಸುತ್ತವೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಕ್ಕಳನ್ನು ತಾಯಂದಿರ ಎದೆಯ ಮೇಲೆ, ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಇದನ್ನು ಮಗು ಸ್ಥಿರವಾದ ಮೇಲೆ ಶುರುಮಾಡುವುದು ರೂಢಿಯಾಗಿತ್ತು. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ, ಹುಟ್ಟಿದ ಕೂಡಲೇ ಶುರುಮಾಡಿದರೆ ಸಾವು ಕಾಲುಭಾಗ ಕಡಿಮೆಯಾಗುತ್ತದೆ ಎಂದು ತೋರಿಸಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನು ಬದಲಿಸಿತು. ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಲ್ಲಿ ಶುರುವಾದ ಈ ಆರೈಕೆಯನ್ನು ಮನೆಯಲ್ಲೂ ಮುಂದುವರಿಸುವಂತೆ ಮಾಡುವ ಕೆಲಸ ನಡೆದಿದೆ. ಬಾಣಂತಿ ದಣಿದಾಗ ಅಪ್ಪ, ಅಜ್ಜಿ ಕೂಡ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು.

ಹಾಗೆ ಉಳಿಸಿಕೊಂಡ ಮಗುವಿನ ಕಣ್ಣಿನ ಮಾತೊಂದು ಉಳಿದಿದೆ, ಇದು ಮನೆಗೆ ಬಂದ ಸಂಭ್ರಮದಲ್ಲಿ ಮರೆತುಹೋಗುವಂಥದು. 34 ವಾರದೊಳಗೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಕಣ್ಣಿನ ಹಿಂಭಾಗದ ಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ದೃಷ್ಟಿಯನ್ನೇ ಕಳೆಯಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಹುಟ್ಟಿದ 30 ದಿನದೊಳಗೆ, ತೀರಾ ಸಣ್ಣ ಮಕ್ಕಳಿಗೆ ಇನ್ನೂ ಮುಂಚೆ, ಪರದೆ ಪರೀಕ್ಷೆ ಆಗಲೇಬೇಕು. ಬೇಕಾದವರಿಗೆ ಸಕಾಲದಲ್ಲಿ ಲೇಸರ್ ಮಾಡಿದರೆ ಹೆಚ್ಚಿನವರ ದೃಷ್ಟಿ ಉಳಿಯುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೇ ಕ್ಯಾಮೆರಾ ಒಯ್ದು ಮಕ್ಕಳ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿ ಕೂತ ತಜ್ಞರು ಅದನ್ನು ನೋಡಿ ಹೇಳುತ್ತಾರೆ. ಮಗುವನ್ನು ಮನೆಗೆ ಕಳಿಸುವಾಗ ಡಿಸ್ಚಾರ್ಜ್ ಕಾರ್ಡಿನ ಮೇಲೆ ಕಣ್ಣಿನ ಪರೀಕ್ಷೆಯ ದಿನಾಂಕವನ್ನೂ ಜಾಗವನ್ನೂ ಬರೆಸಿಕೊಳ್ಳಬೇಕು. ಅವರು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಂಡೇ ಹೊರಡಬೇಕು.